ಮುತ್ತಮ್ಮ ನೆಟ್ಟ ಹದಿನೆಂಟು ಕಡ್ಡಿ

ಏಳು ನಾಲೆ ದಾಟಿ, ಏಳು ಕಬ್ಬಿನ ಗದ್ದೆ ದಾಟಿ ಹೋದರೆ ಒಂದು ರಾಜ್ಯವಿತ್ತಂತೆ. ಆ ರಾಜ್ಯದ ರಾಜನಿಗೆ ಕೋಳಿಮೊಟ್ಟೆಯಷ್ಟು ಬಿಳೀ ಚೆಂಡನ್ನು ಕಣ್ಣಿಗೆ ಕಾಣದಷ್ಟು ದೂರ ಹೊಡೆಯುವ ಹುಚ್ಚು. ಹೊಡೆದದ್ದು ಎಲ್ಲಿ ಬಿತ್ತೆಂದು ರಾಜನಿಗೂ ಗೊತ್ತಿಲ್ಲ, ಮಂತ್ರಿಗೂ ಗೊತ್ತಿಲ್ಲ. ಗೊತ್ತಿದ್ದವಳು ರಾಜ್ಯಕ್ಕೆಲ್ಲ ಒಬ್ಬಳೇ.

ರಾಜ್ಯವೆಂದರೆ ಶ್ರೀರಂಗಪಟ್ಟಣದಿಂದ ಪಾಂಡವಪುರಕ್ಕೆ ಹೋಗುವ ದಾರಿಯಲ್ಲಿದ್ದ ಒಂದು ಕಾರ್ಖಾನೆಯ ಗಾಲ್ಫ್ ಮೈದಾನ. ಒಂಬತ್ತು ಕುಳಿ, ಕುಳಿಯ ಸುತ್ತ ಹುಲ್ಲು ಬೆಳೆಸಲಾಗದೆ ಮರಳಿಗೆ ಎಣ್ಣೆ ಕಲಸಿ ತಟ್ಟಿದ್ದರು. ರಾಜನೆಂದರೆ ಜನರಲ್ ಮ್ಯಾನೇಜರ್ ಸಾಹೇಬರು. ಆ ಒಬ್ಬಳೆಂದರೆ ಅರಕೆರೆಯಿಂದ ಮದುವೆಯಾಗಿ ಬಂದ ಮುತ್ತಮ್ಮ.

ಸಾಹೇಬರು ಹೊಡೆಯುವ ಹೊತ್ತಿಗೆ ಅವಳು ಬಹಳ ಮುಂದೆ, ಬೇಲಿಯ ಪಕ್ಕ ನಿಂತಿದ್ದು, ಚೆಂಡು ಬಿದ್ದ ಜಾಗ ತೋರಿಸಬೇಕು. ಒಂಬತ್ತು ವರ್ಷದಲ್ಲಿ ಅವಳ ಮಾತಿಗೆ ಎದುರು ಮಾತಿರಲಿಲ್ಲ. ಒಮ್ಮೆ ಅಧಿಕಾರಿಯೊಬ್ಬರು ಪೊದೆಯೊಳಗಿನ ಚೆಂಡನ್ನು ಕಾಲಿನಿಂದ ಮೆಲ್ಲಗೆ ಈಚೆಗೆ ತಳ್ಳಿದಾಗ, "ಬುದ್ಧೀ, ಒಳಗೆ ಸೆಕೆಯಾಯ್ತು ಅಂತ ನಿಮ್ ಚೆಂಡು ಎದ್ದು ಈಚಿಗ್ ಬಂತಾ?" ಎಂದು ಎಲ್ಲರೆದುರೇ ಕೇಳಿಬಿಟ್ಟಿದ್ದಳು. ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಅಂದಿನಿಂದ ಯಾರಿಗೆ ಯಾರ ಮೇಲೆ ಅನುಮಾನ ಬಂದರೂ "ಮುತ್ತಮ್ಮನ್ನ ಕೇಳ್ರಿ" ಎನ್ನುವುದೇ ಮೈದಾನದ ಕಾನೂನು. ಗದ್ದೆಯಿಲ್ಲದ, ಒಡವೆಯಿಲ್ಲದ ಅವಳಿಗೆ ಆ ಮಾತೊಂದೇ ಆಸ್ತಿ.

ಗಂಡ ಸಿದ್ದರಾಮು ಸಾಹೇಬರ ಕೋಲಿನ ಚೀಲ ಹೊರುವವನು. ಮೈದಾನ ಖಾಲಿಯಿರುವ ಸೋಮವಾರಗಳಲ್ಲಿ ಮುರುಕು ಕೋಲುಗಳಲ್ಲೇ ಆಡಿ ಆಡಿ ಸಾಹೇಬರಿಗಿಂತ ಚೆನ್ನಾಗಿ ಕಲಿತಿದ್ದ. ಮೈಸೂರು ಕಡೆಯ ಕ್ಲಬ್ಬೊಂದರಲ್ಲಿ ಆಟ ಹೇಳಿಕೊಡುವ ಕೆಲಸ ಖಾಲಿಯಿತ್ತು, ತಿಂಗಳ ಸಂಬಳದ್ದು. ಪರೀಕ್ಷೆಗೆ ಬರುವವರು ತಮ್ಮ ಕೋಲು ತಾವೇ ತರಬೇಕು. ಅವನ ಬಳಿ ಇಲ್ಲದ್ದು ಡ್ರೈವರ್ ಒಂದೇ. ಮೊದಲ ಏಟಿಗೆ ಬೇಕಾಗುವ, ಎಲ್ಲಕ್ಕಿಂತ ಉದ್ದದ, ದಪ್ಪ ತಲೆಯ ಕೋಲು ಅದು.

ತೊಂಬತ್ತಾರನೇ ಇಸವಿ. ಸಂಕ್ರಾಂತಿ ಕಳೆದ ವಾರ ಸಾಹೇಬರ ಅಳಿಯ ಹೊರದೇಶದಿಂದ ಎರಡು ಹೊಸ ಡ್ರೈವರ್ ತಂದ. ಒಂದು ಉಕ್ಕಿನದು. ಇನ್ನೊಂದು ಕರೀದು, ವಿಮಾನಕ್ಕೆ ಹಾಕುವ ಲೋಹವಂತೆ, ತಲೆ ತೆಂಗಿನ ಚಿಪ್ಪಿನಷ್ಟು. ಶನಿವಾರ ಬೆಳಗ್ಗೆ ಸಾಹೇಬರು ತಮ್ಮ ಹಳೇ ಮರದ ಡ್ರೈವರಿನ ಪಕ್ಕ ಅವೆರಡನ್ನೂ ಹುಲ್ಲಿನ ಮೇಲೆ ಮಲಗಿಸಿದರು.

"ನೋಡು ಮುತ್ತಮ್ಮ, ಒಂದೊಂದರಲ್ಲಿ ಆರಾರು ಹೊಡೀತೀನಿ. ಬಿದ್ದ ಕಡೆ ಕಡ್ಡಿ ನೆಡು. ದೂರಾನೂ ಹೋಗ್ಬೇಕು, ನೇರಾನೂ ಹೋಗ್ಬೇಕು. ಗೆದ್ದದ್ದು ನನ್ನ ಚೀಲಕ್ಕೆ. ಹಳೇದು ಸೋತರೆ ನಿನ್ನ ಗಂಡನಿಗೆ. ಆಯ್ತಾ?"

"ಆಯ್ತು ಬುದ್ಧಿ, ಆರಿಸ್ಕೊಡ್ತೀನಿ," ಎಂದು ಮುತ್ತಮ್ಮ ಮಾತು ಕೊಟ್ಟಳು.

ಮರದ್ದಕ್ಕೆ ಬಿಳಿ ಬಟ್ಟೆಯ ಚೂರು ಕಟ್ಟಿದ ಕಡ್ಡಿ, ಉಕ್ಕಿನದಕ್ಕೆ ಕೆಂಪು, ಕರೀದಕ್ಕೆ ನೀಲಿ. ಹದಿನೆಂಟನೆಯ ಏಟು ಮುಗಿಯುತ್ತಲೇ ಕಾರ್ಖಾನೆಯಿಂದ ಜೀಪು ಬಂತು. "ಕಡ್ಡಿ ಹಂಗೇ ಇರ್ಲಿ, ನಾಳೆ ನೋಡ್ತೀನಿ," ಎಂದು ಸಾಹೇಬರು ಹತ್ತಿ ಹೊರಟರು.

ಗಂಡ ಹೆಂಡತಿ ಕಡ್ಡಿಗಳ ನಡುವೆ ಬಂದು ನಿಂತರು. ಬಿಳಿಯವು ಆರೂ ನೂರು ಮಾರು ದೂರದಲ್ಲಿ, ಚೆಂಡು ಹೋಗಬೇಕಾದ ಹಾದಿಯ ನಟ್ಟನಡುವೆ, ಒಂದು ಕಣದಷ್ಟು ಜಾಗದಲ್ಲಿ ಒತ್ತೊತ್ತಾಗಿದ್ದವು. ಕೆಂಪಿನವು ಐದಾರು ಮಾರು ಮುಂದೆ, ಎಲ್ಲವೂ ಬಲಕ್ಕೆ. ನೀಲಿಯವು ಅದಕ್ಕೂ ಹತ್ತು ಮಾರು ಮುಂದೆ ಹೋಗಿದ್ದವು ನಿಜ. ಆದರೆ ನಾಯಿ ನುಗ್ಗಿದಾಗ ಚೆದುರಿದ ಕೋಳಿಗಳ ಹಾಗೆ ದಿಕ್ಕಾಪಾಲು. ಎರಡು ಕಬ್ಬಿನೊಳಗೆ, ಒಂದು ನಾಲೆಯ ಏರಿಯ ಮೇಲೆ.

"ಸಾಯೇಬ್ರ ಕೈಗೆ ಹಳೇದೇ ಸರಿ," ಎಂದಳು ಮುತ್ತಮ್ಮ. ಅಂದ ಮೇಲೆ, ತಾನು ಅಂದದ್ದೇನೆಂದು ಅವಳಿಗೆ ಹೊಳೆಯಿತು.

ಸಿದ್ದರಾಮು ಹತ್ತಿರದ ಬಿಳಿ ಕಡ್ಡಿಯೊಂದನ್ನು ಕಾಲ್ಬೆರಳಿನಿಂದ ಮುಟ್ಟಿದ. ಆಮೇಲೆ, "ನೀಲಿ ಕಡ್ಡೀನ ಒಸಿ ಈಚೆಗೆ ನೆಟ್ಬುಡು ಕಣಮ್ಮಿ," ಎಂದ.

"ನನ್ ಕೈಲಾಗಲ್ಲ."

"ಯಾರ್ ನೋಡ್ತಾರೆ?"

"ನಾನ್ ನೋಡಿವ್ನಿ ಕಣ."

"ಓಹೋ, ಸತ್ಯವಂತೆ ಬಂದ್ಬುಟ್ಲು! ಅವ್ರ ಚೆಂಡ್ಗೆ ಸತ್ಯ, ಗಂಡನ ಬಾಯ್ಗೆ ಮಣ್ಣು. ಇನ್ನೊಬ್ರ ಚೀಲ ಹೊತ್ಕಂಡೇ ಸಾಯ್ಲಾ ನಾನು? ಅಂಗಾದ್ರೆ ಅಂಗೇ ಏಳ್ಬುಡು."

ಚೀಲದ ಪಟ್ಟಿ ಉಜ್ಜಿ ಉಜ್ಜಿ ಅವನ ಎಡಭುಜ ನೊಗ ಹೊತ್ತ ಎತ್ತಿನ ಹೆಗಲಿನಂತೆ ಗಂಟು ಕಟ್ಟಿತ್ತು. ದಿನಾ ಅದಕ್ಕೆ ಹರಳೆಣ್ಣೆ ಹಚ್ಚುತ್ತಿದ್ದವಳು ಅವಳೇ.

ಹೊತ್ತು ಮುಳುಗುವ ಮುಂಚೆ ಮುತ್ತಮ್ಮ ಒಬ್ಬಳೇ ಕಬ್ಬಿನೊಳಕ್ಕೆ ಹೋದಳು. ನೀಲಿ ಕಡ್ಡಿಗಳನ್ನು ಕಿತ್ತು ತಂದು ಹಾದಿಯ ನಡುವೆ ನೆಟ್ಟಳು. ತೀರಾ ಒತ್ತಾಗಿ ಅಲ್ಲ. ನೋಡಿದವರು ನಂಬುವಷ್ಟು ಬಿಡಿಬಿಡಿಯಾಗಿ. ಇಷ್ಟು ಅಚ್ಚುಕಟ್ಟಾಗಿ ಸುಳ್ಳು ಹೇಳಲು ತನಗೆ ಬರುತ್ತದೆಂದು ಅವಳಿಗೇ ಗೊತ್ತಿರಲಿಲ್ಲ. ಕಿತ್ತ ಕಡೆ ಉಳಿದ ತೂತುಗಳನ್ನು ಹೆಬ್ಬೆರಳಿನಿಂದ ಒತ್ತಿ ಮುಚ್ಚಿದಳು.

ಭಾನುವಾರ ಸಾಹೇಬರು ಅಳಿಯನ ಜೊತೆ ಬಂದರು. ಅಳಿಯನ ಕೊರಳಲ್ಲಿ ಕ್ಯಾಮೆರಾ. ಹೊಡೆಯುವ ಜಾಗದಿಂದ ಒಂದು ಹೆಜ್ಜೆಯೂ ಮುಂದಿಡದೆ ಸಾಹೇಬರು ಕೇಳಿದರು: "ಏನ್ ಮುತ್ತಮ್ಮ, ಯಾವುದು?"

ಸಿದ್ದರಾಮು ನೆಲ ನೋಡುತ್ತಿದ್ದ.

"ಕರೀದು ಬುದ್ಧಿ. ದೂರಾನೂ ಓಯ್ತದೆ, ನೇರಾನೂ ಓಯ್ತದೆ. ಕಡ್ಡಿ ಅಲ್ಲೇ ಅವೆ, ಬಂದ್ ನೋಡಿ."

"ಅಯ್ಯೋ, ಅಷ್ಟು ದೂರ ಯಾರು ನಡೀತಾರೆ?" ಸಾಹೇಬರು ನಕ್ಕರು. "ಕರೀದೇ ಅಂತ ನಿನ್ನೆ ಜೀಪಿನಲ್ಲೇ ತೀರ್ಮಾನ ಮಾಡ್ದೆ. ನೇರ ಹೋದ್ರೇನು, ಸೊಟ್ಟ ಹೋದ್ರೇನು? ಏನು ಸದ್ದು ಅಂತೀಯ ಇದರದು! ಅಲ್ದೆ ಅಳಿಯಂದಿರು ತಂದದ್ದು."

ಮುತ್ತಮ್ಮ ದೂರದ ನೀಲಿ ಕಡ್ಡಿಗಳತ್ತ ನೋಡಿದಳು. ನಿಜ ಹೇಳಿದ್ದರೂ ಇದೇ ಆಗುತ್ತಿತ್ತು. ಒಂಬತ್ತು ವರ್ಷ ಕಾಪಾಡಿಕೊಂಡು ಬಂದದ್ದನ್ನು ಯಾರೂ ಕೇಳದಿದ್ದಾಗ ತಾನಾಗಿ ಬೀದಿಗೆ ಚೆಲ್ಲಿದ್ದಳು.

ಸಾಹೇಬರು ಹಳೇ ಡ್ರೈವರನ್ನು ಸಿದ್ದರಾಮುವಿನ ಕೈಗೆ ಕೊಟ್ಟರು. ಅವನು ಅದರ ಮರದ ತಲೆಯನ್ನು ಸವರಿದ, ಹಿಡಿದು ನೋಡಿದ, ಹೆಂಡತಿಯ ಕಡೆ ಬಾಗಿ ಪಿಸುಗುಟ್ಟಿದ: "ನಿನ್ ಸುಳ್ಳು ಬೇಕೇ ಇರ್ನಿಲ್ವಲ್ಲಮ್ಮಿ!" ಅವನಿಗೆ ನಗು ತಡೆಯಲಾಗಲಿಲ್ಲ.

"ಇನ್ಮ್ಯಾಕೆ ನಿನ್ ಚೆಂಡು ಎಲ್ ಬಿತ್ತು ಅಂತ ನನ್ನ ಕೇಳ್ಬ್ಯಾಡ," ಎಂದಳು ಮುತ್ತಮ್ಮ.

ಅವನ ನಗು ನಿಂತಿತು. ಏನೋ ಹೇಳಹೊರಟ. ಅಷ್ಟರಲ್ಲಿ ಸಾಹೇಬರು ಕರೀ ಡ್ರೈವರನ್ನು ಅವನತ್ತ ಚಾಚಿದರು.

"ಹಾಕೋ ಚೀಲಕ್ಕೆ."

ಹಾಕಿದ. ಅಲ್ಲಿಗೆ ಆರಿಸುವ ಕೆಲಸ ಮುಗಿಯಿತು.