ಗಿಳಿಯಣ್ಣನ ಸ್ವಂತ ದನಿ

ತಮ್ಮನ ಮಣ್ಣು ಮುಗಿಸಿಕೊಂಡು ಅಕ್ಕ ಮನೆಗೆ ಬಂದಾಗ ಬಿಸಿಲು ಇನ್ನೂ ಚುರುಗುಟ್ಟುತ್ತಿತ್ತು. ಹಿಂದೆಯೇ ಅವನ ಕಾರ್ಯಕ್ರಮದ ಜೊತೆಗಾರರು ಮೂವರು, ನಿರೂಪಕ, ಮೈಕಿನವನು, ಮೇಕಪ್ಪಿನವಳು, ಬಂದು ಮುಂದಿನ ಕೋಣೆಯಲ್ಲಿ ಕೂತರು. ತಮ್ಮ ಮಿಮಿಕ್ರಿ ಕಲಾವಿದ, ಊರಿಗೆಲ್ಲ ಗಿಳಿಯಣ್ಣ. ಮಂತ್ರಿಯಿಂದ ಹಿಡಿದು ಬಸ್ ಕಂಡಕ್ಟರ್‌ವರೆಗೆ ಯಾರ ದನಿ ಕೇಳಿದರೂ ಅವನ ಗಂಟಲಲ್ಲಿ ತಯಾರು. ಮಣ್ಣಿಗೆ ಬಂದವರು ಅವನ ಯಾವುದೋ ತಮಾಷೆ ನೆನಪಾಗಿ ನಕ್ಕು, ನಕ್ಕದ್ದಕ್ಕೆ ನಾಚಿ, ಮತ್ತೆ ಅತ್ತಿದ್ದರು.

"ಕಾರ್ಯಕ್ರಮ ಮುಗಿದ ಮೇಲೆ ನನ್ನ ಹೆಗಲ ಮೇಲೆ ಕೈ ಹಾಕಿ ಏನನ್ನೋನು ಗೊತ್ತಾ?" ಎಂದು ನಿರೂಪಕ ಗಿಳಿಯಣ್ಣನಂತೆ ಮಾತಾಡಿ ತೋರಿಸಿದ. ದಪ್ಪ, ಒಡಕು ದನಿ.

"ಏ ಹೋಗಯ್ಯ, ಅವನದು ಸಣ್ಣ ದನಿ ಅಲ್ವಾ?" ಎಂದ ಮೈಕಿನವನು.

ಮೇಕಪ್ಪಿನವಳು ಇಬ್ಬರದನ್ನೂ ಒಪ್ಪಲಿಲ್ಲ. "ನನ್ನ ಹತ್ರ ಮೂಗಲ್ಲಿ ಮಾತಾಡೋನು."

ನಗು ನಿಂತುಹೋಯಿತು. ಮೂವರೂ ಅಕ್ಕನ ಮುಖ ನೋಡಿದರು. "ನೀವೇ ಹೇಳಿ ಅಕ್ಕ. ಮನೇಲಿ ಹೇಗೆ ಮಾತಾಡೋನು?"

ಮನೆಯಲ್ಲಿ ತಮ್ಮ ಮಾತಾಡುತ್ತಿದ್ದುದು ಅಪ್ಪನ ದನಿಯಲ್ಲಿ.

ಅಕ್ಕ ತಡೆತಡೆದು ಹೇಳಿದಳು. ಅಪ್ಪ ತೀರಿಕೊಂಡಾಗ ತಮ್ಮನಿಗೆ ಇನ್ನೂ ಮೀಸೆ ಚಿಗುರಿರಲಿಲ್ಲ. ಅಮ್ಮ ಹಾಸಿಗೆ ಹಿಡಿದು, ಯಾರು ಕರೆದರೂ ಓಗೊಡದೆ ಗೋಡೆ ನೋಡುತ್ತ ಮಲಗಿಬಿಟ್ಟಿದ್ದಳು. ಒಂದು ಬೆಳಿಗ್ಗೆ ತಮ್ಮ ಬಾಗಿಲ ಹಿಂದೆ ನಿಂತು ಥೇಟ್ ಅಪ್ಪನ ಹಾಗೆ, "ಏನೇ, ಏಳೋದಿಲ್ವಾ?" ಎಂದ. ಅಮ್ಮ, "ಬಂದೆ ರೀ," ಎಂದು ಕೂದಲು ಸರಿಮಾಡಿಕೊಳ್ಳುತ್ತ ಎದ್ದು ಕೂತಳು. ಆಮೇಲೆ ಅಮ್ಮ ಇದ್ದಷ್ಟು ಕಾಲ ಮನೆಯಲ್ಲಿ ಅವನು ಬೇರೆ ದನಿ ತೆಗೆಯುವ ಹಾಗಿರಲಿಲ್ಲ. ಅಮ್ಮ ಹೋದ ಮೇಲೂ ಅದೇ ರೂಢಿಯಾಯಿತು. ಹುಡುಗನ ದನಿ ಒಡೆದು ಗಂಡಸಿನದಾದದ್ದು ಯಾರ ಕಿವಿಗೂ ಬೀಳಲೇ ಇಲ್ಲ.

ಆಗ ಒಳಗಿನ ಕೋಣೆಯಲ್ಲಿ ಯಾರೋ ಕೆಮ್ಮಿದರು. ಅದು ತಮ್ಮನ ಕೋಣೆ. ಬೀಗ ಹಾಕಿತ್ತು, ಬೀಗದ ಕೈ ಅಕ್ಕನ ಕೈಚೀಲದಲ್ಲಿತ್ತು.

"ಅಕ್ಕಾ," ಎಂದಿತು ಒಳಗಿನಿಂದ.

ಅಪ್ಪನ ದನಿಯಲ್ಲ. ದಪ್ಪವೂ ಅಲ್ಲ, ಸಣ್ಣದೂ ಅಲ್ಲ. ಕತ್ತಲಲ್ಲಿ ಕಾಲಿಡುವವನ ಹಾಗೆ ತಡವರಿಸುತ್ತಿತ್ತು.

ಮೈಕಿನವನು ಎದ್ದು ನಿಂತ. "ಟೇಪು ಗೀಪು ಏನಾದ್ರೂ ಇದ್ಯಾ ಒಳಗೆ? ಈ ದನೀನ ಅವನು ಯಾವತ್ತೂ ಮಾಡಿಲ್ಲ."

"ಹೋಗ್ಬೇಡಿ," ಎಂದು ಮೇಕಪ್ಪಿನವಳು ಅಕ್ಕನ ಕೈ ಹಿಡಿದಳು.

ಅಕ್ಕ ಕೈ ಬಿಡಿಸಿಕೊಂಡು ಬೀಗ ತೆಗೆದಳು. ಮಂಚ, ಕನ್ನಡಿ, ಗೂಟದಲ್ಲಿ ಅಂಗಿ. ಯಾರೂ ಇಲ್ಲ.

"ಯಾರು?"

"ನಾನು ಕಣೇ ಅಕ್ಕ." ದನಿ ಈಗ ಅವಳ ಕಿವಿಯ ಪಕ್ಕದಲ್ಲೇ ಇತ್ತು. "ಗುರುತು ಸಿಗ್ಲಿಲ್ವಾ?"

"ಇಲ್ಲ ಕಣೋ," ಎಂದು ಅಕ್ಕ ಬಿಕ್ಕಿದಳು. "ಯಾವತ್ತು ಕೇಳಿಸಿದ್ದೆ ನೀನು?"

ಅಕ್ಕ ಮಂಚದ ತುದಿಗೆ ಕೂತಳು. ಹೆದರಿಕೆ ಹೋಗಿರಲಿಲ್ಲ, ಆದರೂ, "ಮಾತಾಡು, ಕೇಳ್ತೀನಿ," ಎಂದಳು.

ಬಿಸಿಲು ನೆಲದಿಂದ ಗೋಡೆಗೆ ಹತ್ತುವವರೆಗೂ ಅದು ಮಾತಾಡಿತು. ಬಿದ್ದು ಮಂಡಿ ತರಚಿಕೊಂಡ ಸೈಕಲ್ ಸವಾರಿ, ವೇದಿಕೆ ಹತ್ತುವ ಮುಂಚಿನ ಹೊಟ್ಟೆನೋವು, ಅಮ್ಮ ಮತ್ತೆ ಮಲಗಿಬಿಟ್ಟಾಳೆಂಬ ಭಯ. ತೊದಲುತ್ತ, ಪದಕ್ಕೆ ತಡಕಾಡುತ್ತ. ಆಮೇಲೆ ಮಾತಿನ ನಡುವೆಯೇ ನಿಂತುಹೋಯಿತು. ಅಕ್ಕ ಎಷ್ಟು ಕರೆದರೂ ಮತ್ತೆ ಬರಲಿಲ್ಲ.

ಅವಳು ಹೊರಬಂದಾಗ ಮೂವರೂ ಹೊಸ್ತಿಲಾಚೆ ಒತ್ತಿಕೊಂಡು ನಿಂತಿದ್ದರು. ನಿರೂಪಕ ಅಭ್ಯಾಸಬಲದಿಂದ ಆ ದನಿಯಲ್ಲಿ, "ನಾನು ಕಣೇ..." ಎಂದು ಶುರುಮಾಡಿದ.

"ಬೇಡ," ಎಂದಳು ಅಕ್ಕ. "ಅದೊಂದು ದನಿ ಬೇಡಪ್ಪ."