ಸಿಯೋಕ್ ನಿಯೋ ಇಟ್ಟ ಇನ್ನೊಂದು ಬಟ್ಟಲು

ಕಿವಿಯಿಂದ ಅಡುಗೆಯ ಹದ ಅರಿಯುವವರನ್ನು ನಾನು ಕಂಡದ್ದು ಒಬ್ಬರನ್ನೇ. ಮಲಾಕಾದ ಆ ಉದ್ದನೆಯ ಇಕ್ಕಟ್ಟು ಮನೆಯ ಮುಂಗೋಣೆಯಲ್ಲಿ ಎಲೆಯಡಿಕೆ ಮಡಿಸುತ್ತ ಕುಳಿತ ಸಿಯೋಕ್ ನಿಯೋ, ಎರಡು ಒಳಾಂಗಳಗಳಾಚೆ ಅಡುಗೆಮನೆಯಲ್ಲಿ ಪಾಠಕ್ಕೆ ಬಂದ ನಾವು ಮಸಾಲೆ ಕುಟ್ಟುವ ಸದ್ದನ್ನು ಆಲಿಸಿಯೇ ಗುಡುಗುತ್ತಿದ್ದರು: "ಯಾರದು, ಮಜ್ಜಿಗೆಹುಲ್ಲು ಇನ್ನೂ ನಾರುನಾರಾಗಿರೋವಾಗ್ಲೇ ಈರುಳ್ಳಿ ಸುರಿದಿದ್ದು? ಕುಟ್ಟಾಣಿ ಅಳ್ತಾ ಇದೆ, ಕೇಳಿಸ್ತಿಲ್ವಾ!"

ಹಿಂದೆ ಹೆಣ್ಣು ನೋಡಲು ಬಂದವರು ಹುಡುಗಿಯ ಮುಖಕ್ಕಿಂತ ಮೊದಲು ಅವಳ ಕುಟ್ಟಾಣಿಯ ಲಯವನ್ನೇ ಪರೀಕ್ಷಿಸುತ್ತಿದ್ದರು. "ನನ್ನ ಸದ್ದು ಕೇಳಿ ಹೋದೋರು ಹೋದೋರೇ," ಎಂದು ಮದುವೆಯಾಗದ ಈ ಎಪ್ಪತ್ತೆರಡರ ಹೆಂಗಸು ಹೊಟ್ಟೆ ಕುಣಿಸಿ ನಗುತ್ತಿದ್ದರು. ಎಡಗಾಲು ಎಳೆದು ನಡೆಯುವ ನಡಿಗೆ. ಮಾಸಿದ ನೀಲಿ ಕೆಬಾಯ ರವಿಕೆ. ಅದರ ಎದೆಗೆ ಗುಂಡಿಗಳ ಬದಲು ಸಾಲಾಗಿ ಚುಚ್ಚಿರಬೇಕಾದ ಮೂರು ಪದಕಗಳಲ್ಲಿ ನಡುವಿನದು ಕಳೆದುಹೋಗಿ, ಅಲ್ಲೊಂದು ನಾಚಿಕೆಯಿಲ್ಲದ ಪಿನ್ನು. ಅಳತೆ ಕೇಳಿದರೆ ಸಿಡುಕು. ಹಿರಿಯ ಹೆಂಗಸರನ್ನು ಅಲ್ಲಿ ಕರೆಯುವಂತೆ "ಎಷ್ಟು ಬಿಬಿಕ್?" ಎಂದರೆ "ಸಾಕಾಗೋಷ್ಟು!" ಅಷ್ಟೇ ಉತ್ತರ. ಮನೆ ಅಣ್ಣ ಕಿಮ್ ಟೆಕ್‌ನದು, ಒಲೆ ಮಾತ್ರ ಇವರದು. ಶನಿವಾರದ ಈ ಪಾಠವೊಂದೇ ಅವರ ಸ್ವಂತ ಬದುಕು.

ಕೆಲುವಾಕ್ ಕಾಯಿಯ ಪಾಠದ ದಿನ ನಮ್ಮೊಡನೆ ಕಲಿಯುತ್ತಿದ್ದ ಮೇ ಫೂನ್ ಎಂಬ ಹುಡುಗಿ ಘೋರ ಪ್ರಮಾದವನ್ನೇ ಮಾಡಿದಳು. ವಿಷದ ಕಾಯಿ ಅದು. ಬೂದಿಯಲ್ಲಿ ಹೂತು, ಐದು ದಿನ ನೀರು ಬದಲಿಸಿ ನೆನೆಸಿ, ನೆತ್ತಿ ಒಡೆದರೆ ಒಳಗೆ ಕಾಡಿಗೆಯಂಥ ತಿರುಳು. ಒಂದೊಂದು ಕಾಯಿಯ ತಿರುಳನ್ನೂ ನಾಲಿಗೆಯ ತುದಿಗಿಟ್ಟು ನೋಡಿಯೇ ಬಟ್ಟಲಿಗೆ ಹಾಕಬೇಕು. ಅವಳು ನಲವತ್ತನ್ನೂ ಒಟ್ಟಿಗೆ ಕೆರೆದು ಕಲಸಿಬಿಟ್ಟಿದ್ದಳು. ಸಿಯೋಕ್ ನಿಯೋ ಬಗ್ಗಿ ಮೂಸಿದರು. ಐದು ದಿನದ ಶ್ರಮವನ್ನು ತಿಪ್ಪೆಗೆ ಎಸೆದರು.

"ಒಂದು ಕೆಟ್ಟಿದ್ರೆ ಮಡಕೆಯೆಲ್ಲಾ ಕಹಿ ಕಣಮ್ಮಾ."

"ನಿಮ್ಮಜ್ಜಿ ಕಲಿಸಿದ್ದಾ ಬಿಬಿಕ್, ಇದು?" ಕಣ್ಣೊರೆಸಿಕೊಳ್ಳುತ್ತ ಅವಳು ಕೇಳಿದಳು.

"ಅಜ್ಜಿಗೆ ಒಲೆ ಹಚ್ಚೋಕೂ ಬರ್ತಿರ್ಲಿಲ್ಲ. ಚೂನ್ ಹಿಯಾಂಗ್ ಕಲಿಸಿದ್ದು. ಎಂಟನೇ ವಯಸ್ಸಿಗೆ ಮನೆಗೆಲಸಕ್ಕೆ ಅಂತ ಕೊಂಡ್ಕೊಂಡು ಬಂದಿದ್ರು ಅವಳನ್ನ. ಸಾರು ಕಹಿಯಾದ ದಿನ ಬರೆ ಬೀಳ್ತಿತ್ತು. ನಾಲಿಗೆಗಿಟ್ಟು ನೋಡ್ದೆ ಇನ್ನೇನು ಮಾಡ್ತಾಳೆ?"

ನಮ್ಮೂರ ಹೋಟೆಲುಗಳು ಗೋಡೆಗೋಡೆಗೂ ಅಜ್ಜಿಯರ ಚಿತ್ರ ತೂಗುಹಾಕಿವೆ. ಆ ಮುತ್ತಿನ ಪಾದರಕ್ಷೆಯ ಅಜ್ಜಿಯರಲ್ಲಿ ಎಷ್ಟು ಜನರ ಕೈಗೆ ಮಸಿ ಹತ್ತಿತ್ತು? ಕುಟ್ಟಿ ಕುಟ್ಟಿ ಭುಜ ಸವೆದವರ ಒಂದು ಚಿತ್ರವನ್ನಾದರೂ ಯಾರಾದರೂ ಕಂಡಿದ್ದರೆ ನನಗೆ ತೋರಿಸಲಿ.

ಮುಂದಿನ ಶನಿವಾರ ಅಜ್ಜಿಯ ತಿಥಿ. ಎಡೆಯ ಅಡುಗೆಯೇ ಅಂದಿನ ಪಾಠ. ಪಿತೃಗಳ ಮುಂದಿನ ಮೇಜಿನ ಮೇಲೆ ತಲೆಗೊಂದರಂತೆ ಆರು ಬಟ್ಟಲು, ಆರು ಜೊತೆ ಉಣ್ಣುವ ಕಡ್ಡಿ. ಸಿಯೋಕ್ ನಿಯೋ ಏಳನೆಯದನ್ನು ಇಟ್ಟರು. ಬಾಗಿಲಿಗೆ ಹಾಕಲು 'ಅಜ್ಜಿಯ ಅಡುಗೆಶಾಲೆ' ಎಂದು ಬರೆಸಿದ ಫಲಕ ಹಿಡಿದು ಬಂದ ಕಿಮ್ ಟೆಕ್ ಎಣಿಸಿ ನಿಂತ.

"ಇದ್ಯಾರಿಗೆ?"

"ಅಡುಗೆ ಮಾಡಿದವಳಿಗೆ. ಫಲಕದಲ್ಲೂ ಅವಳ ಹೆಸರೇ ಬರ್ಸು ಅಣ್ಣಾ."

"ಆಳಿನ ಹೆಸರು, ನಮ್ಮ ಮನೆ ಬಾಗಿಲಿಗೆ? ತಲೆ ಕೆಟ್ಟಿದ್ಯಾ ನಿಂಗೆ? ತೆಗಿ ಬಟ್ಟಲು. ಇಲ್ಲಾಂದ್ರೆ ಇನ್ಮೇಲೆ ಇಲ್ಲಿ ಪಾಠ ಇಲ್ಲ."

"ಸಣ್ಣವನಿದ್ದಾಗ ಯಾರ ಬೆನ್ನ ಮೇಲೆ ನಿದ್ದೆ ಮಾಡ್ತಿದ್ದೆ ನೀನು?"

ಅಣ್ಣ ಅಜ್ಜಿಯನ್ನೇ ಕೇಳಿಬಿಡುವುದೆಂದು ಎರಡು ನಾಣ್ಯ ಕೈಗೆತ್ತಿಕೊಂಡ. ಒಂದು ಮಗುಚಿ ಒಂದು ಅಂಗಾತ ಬಿದ್ದರೆ ಹಿರಿಯರ ಒಪ್ಪಿಗೆ. ಎರಡೂ ಬೋರಲಾಗಿ ಬಿದ್ದವು. ಮೂರು ಬಾರಿ ಎಸೆದ, ಮೂರೂ ಬಾರಿ ಬೋರಲು. "ನೋಡ್ಕೋ! ಅಜ್ಜಿ ಬೇಡ ಅಂತಿದ್ದಾಳೆ."

ನಮ್ಮೆಲ್ಲರ ಮುಖ ಬಾಡಿತು. ಸಿಯೋಕ್ ನಿಯೋ ಮಾತ್ರ ನಾಣ್ಯಗಳನ್ನು ಆರಿಸಿ ಅವನ ಅಂಗೈಗೆ ಹಾಕಿದರು.

"ಬೇಡ ಅನ್ನದೆ ಏನಂದಾಳು? ಬದುಕಿದ್ದಾಗ್ಲೂ ಅವಳನ್ನ ಮೇಜಿನ ಹತ್ರ ಸೇರಿಸ್ಲಿಲ್ಲ ನಮ್ಮಜ್ಜಿ. ಸತ್ತ ತಕ್ಷಣ ಬುದ್ಧಿ ಬರುತ್ತಾ?"

ಬಟ್ಟಲನ್ನು ತೆಗೆಯಲಿಲ್ಲ. ಅದಕ್ಕೆ ಅನ್ನ ಬಡಿಸಿ, ಕೆಲುವಾಕ್ ಸಾರು ಎರೆದು, ಅಜ್ಜಿಗೂ ಚೂನ್ ಹಿಯಾಂಗಳಿಗೂ ಒಂದೇ ಊದುಬತ್ತಿಯ ಕಟ್ಟಿನಿಂದ ಧೂಪ ಹಚ್ಚಿದರು. ಸಂಜೆ ಅಡುಗೆಮನೆಯ ಬೀಗದ ಕೈಯನ್ನು ಅಣ್ಣನ ಕುರ್ಚಿಯ ಮೇಲಿಟ್ಟು, ಕುಟ್ಟಾಣಿಯನ್ನು ಸೈಕಲ್ ರಿಕ್ಷಾಕ್ಕೆ ಏರಿಸಿದರು. ಈಗ ಪಾಠ ಮೇ ಫೂನ್‌ಳ ತಾಯಿಯ ಹಿತ್ತಿಲ ತಗಡಿನ ಮಾಡಿನ ಕೆಳಗೆ. ಮುಂಗೋಣೆಯಿಲ್ಲ, ಪಕ್ಕದಲ್ಲೇ ಕುಳಿತು ಬಯ್ಯುತ್ತಾರೆ.

ಪರಂಪರೆಯ ಮೆರವಣಿಗೆಯಲ್ಲಿ ಛತ್ರಿ ಹಿಡಿಯುವವರಿಗೆ ಎಲ್ಲ ಊರುಗಳಲ್ಲೂ ಸುಗ್ಗಿ. ಸಿಯೋಕ್ ನಿಯೋರಂಥವರು ಅಪರೂಪ: ಹಿರಿಯರಿಗೆ ಒಂದು ತುತ್ತೂ ಕಡಿಮೆಯಾಗದಂತೆ ಬಡಿಸುತ್ತಾರೆ, ಅವರ ತಪ್ಪನ್ನೂ ಅವರೆದುರೇ ಬಡಿಸಿಡುತ್ತಾರೆ. ಒಲೆ ಕಳೆದುಕೊಂಡಾರು, ನಾಲಿಗೆಗೆ ಸುಳ್ಳಿನ ಕಹಿ ತಾಗಗೊಡರು. ಒಂದು ಜನಾಂಗದ ರುಚಿ ಉಳಿಯುವುದು ಇಂಥ ಹಟಮಾರಿಗಳ ಕೈಯಲ್ಲಿಯೇ.