ವಿಮಾನದ ಕಾಲು

"ಏಳು ಆನಿ! ಒಂದಲ್ಲ ಎರಡಲ್ಲ, ಏಳು ಆನಿ ನಿಂದ್ರಿಸಿದ್ದೆ ಆ ತೆಪ್ಪದ ಮ್ಯಾಲ. ಒಂದು ಬೊಟ್ಟು ಮುಳುಗಲಿಲ್ಲ. ಎಂಟನೇ ಆನಿ ನಾಚಿ ಮನಿಗೆ ಹೋತು," ಎಂದ ಜಿಲಾನಿ ಪಾಷಾ, ಕುಣಿಯೊಳಗಿಂದ ಮಣ್ಣು ಮೇಲೆಸೆಯುತ್ತ.

ಅಗಿಯುತ್ತಿದ್ದುದು ಗೆಳೆಯ ಬೂದೆಪ್ಪನ ಕುಣಿ. ಪಾಷಾನದು ದೇವದುರ್ಗದಲ್ಲಿ ಪಾತ್ರೆಗಳಿಗೆ ಕಲಾಯಿ ಹಾಕುವ ಅಂಗಡಿ; ಅವನ ನಾಲಿಗೆಗೆ ಮಾತ್ರ ಎಂದೂ ಕಲಾಯಿ ಬೇಕಾಗಿರಲಿಲ್ಲ, ಸದಾ ಹೊಳೆಯುತ್ತಿತ್ತು. ಬೂದೆಪ್ಪ ಹೊಳೆದಂಡೆಯ ಗೂಗಲ್ ಊರಿನ ಅಂಬಿಗ. ನಿನ್ನೆ ನಡುಹೊಳೆಯಲ್ಲಿ, ಪಾಷಾ ಮಾಡಿಕೊಟ್ಟಿದ್ದ ತೆಪ್ಪ ಮುರಿದಾಗ, ಒಂದೊಂದೇ ಹಲಗೆಯನ್ನು ಅದರಲ್ಲಿದ್ದ ನಾಲ್ಕು ಜನರತ್ತ ನೂಕಿ, ಅವರನ್ನು ಉಳಿಸಿ ತಾನು ಮುಳುಗಿದ್ದ.

ಕುಣಿಯ ದಂಡೆಯಲ್ಲಿ ಕುಳಿತ ಮುದುಕಪ್ಪ ಬೀಡಿ ಆರಿಸಿದ. "ಅಷ್ಟು ಗಟ್ಟಿ ಇದ್ದದ್ದು ಮುರೀತಂದ್ರ, ಅವ ಕುಡಿದು ಹೊಳ್ಯಾಗಿನ ಬಂಡಿಗಲ್ಲಿಗೆ ಬಡಿಸ್ಯಾನ."

"ಖರೇ ಬಿಡು. ಪಾಷಾನ ಕೆಲಸ ಕೆಡಾಂಗಿಲ್ಲ. ಕೆಟ್ಟಾಂವ ಬೂದೆಪ್ಪನಾ," ಎಂದ ಅವನ ಪಕ್ಕದಲ್ಲಿದ್ದ ಗಡಿಗೆಪ್ಪ.

ಪಾಷಾನ ಸಲಿಕೆ ನಿಂತಿತು. ಮತ್ತೆ ಅಗಿದ.

*

ಮೂರು ವರ್ಷದ ಹಿಂದೆ, ಎಪ್ಪತ್ತೆಂಟರಲ್ಲಿ, ಹೈದರಾಬಾದಿನ ಗುಜರಿಯಿಂದ ಪಾಷಾ ಎರಡು ಉದ್ದನೆಯ ಟೊಳ್ಳು ಅಲ್ಯೂಮಿನಿಯಂ ಪೆಟ್ಟಿಗೆಗಳನ್ನು ಲಾರಿಯಲ್ಲಿ ತಂದಿದ್ದ. ನೀರಿನ ಮೇಲೆ ಇಳಿಯುವ ವಿಮಾನವೊಂದು ಅವುಗಳ ಮೇಲೆ ನಿಂತಿತ್ತಂತೆ. ಊರು ಅವಕ್ಕೆ 'ವಿಮಾನದ ಕಾಲು' ಎಂದಿತು. ಮೇಲೆ ಹಲಗೆ ಹಾಸಿ ತೆಪ್ಪ ಮಾಡಿದರು. ಒಂದು ಕಾಲಿನಲ್ಲಿದ್ದ ಸೀಳಿಗೆ ಪಾಷಾ, ಹಂಡೆಗೆ ಹಾಕುವಂತೆ, ತಾಮ್ರದ ತೇಪೆ ಬಡಿದ. ಇಂಥ ತೇಪೆ ನಿಜಾಮನ ಹಂಡೆಗೂ ಇರಲಿಲ್ಲ ಎಂದು ಊರೆಲ್ಲ ಸಾರಿದ.

ದಿನಾ ಬೆಳಿಗ್ಗೆ ಬೂದೆಪ್ಪ ಬೆರಳಗೆಣ್ಣಿನಿಂದ ಕಾಲುಗಳನ್ನು ತಟ್ಟಿ ನೋಡುತ್ತಿದ್ದ. ಠಣ್ ಎಂದರೆ ಹೊಳೆಗೆ ಇಳಿಸುತ್ತಿದ್ದ. ಈ ಸಲ ಮಳೆಗಾಲಕ್ಕೆ ಮುಂಚೆ ಪಾಷಾನನ್ನು ಕರೆಸಿದ.

"ಪಾಷಾ, ಇಲ್ಲಿ ದನಿ ಸತ್ತದ ನೋಡು."

ತಾಮ್ರ ತಾಗಿದ ಕಡೆಯೆಲ್ಲ ಅಲ್ಯೂಮಿನಿಯಂ ಸುಣ್ಣದ ಪುಡಿಯಂತೆ ಬೆಳ್ಳಗೆ ಉಬ್ಬಿತ್ತು. ಬೂದೆಪ್ಪ ಹಗ್ಗ ತರಲು ಹೋದಾಗ ಪಾಷಾ ಒತ್ತಿದ. ಬೆರಳು ಬುಡದವರೆಗೂ ಒಳಹೋಯಿತು. ಕಾಲನ್ನು ಗಟ್ಟಿಯಾಗಿ ಹಿಡಿದ ಒಳಗಿನ ಪಟ್ಟಿಗಳೂ ಪುಡಿಯಾಗಿದ್ದವು. ಹೇಳಿದರೆ ತಾಮ್ರ ಹಾಕಿದ್ದೇ ತಪ್ಪೆಂದು ಒಪ್ಪಬೇಕು. ತೂತಿಗೆ ಡಾಂಬರು ಮೆತ್ತಿ, ಮೇಲೆ ಬೆಳ್ಳಿಬಣ್ಣ ಬಳಿದ.

"ಇನ್ನ ನೂರು ವರ್ಷ ಚಿಂತಿ ಬ್ಯಾಡ."

ಬೂದೆಪ್ಪ ತಟ್ಟಿದ. "ದನಿ ಇನ್ನೂ ಬಂದಿಲ್ಲಲೇ."

"ಬಣ್ಣ ಹಸಿ ಅದ, ಒಣಗಲಿ."

"ನೀ ಅಂದ್ರ ಆತು ಬಿಡು," ಎಂದು ಬೂದೆಪ್ಪ ಹುಟ್ಟು ಎತ್ತಿಕೊಂಡಿದ್ದ.

*

ಹೆಣ ಬಂತು. ಕುಣಿಯ ಹತ್ತಿರ, ಹೊಳೆಯಿಂದ ಮರಳಿಗೆ ಎಳೆದು ಹಾಕಿದ್ದ ತೆಪ್ಪದ ಮುರುಕು ಕಾಲಿನ ಪಕ್ಕದಲ್ಲೇ ಇಳಿಸಿದರು. ಕುಡಿದಿದ್ದ ಎಂಬ ಗುಸುಗುಸು ಬೂದೆಪ್ಪನ ಹೆಂಡತಿ ದುರುಗಮ್ಮನ ಕಿವಿಗೂ ಬಿತ್ತು.

"ಹನ್ನೆರಡು ವರ್ಷಾತು ಅವ ಸೆರೆ ಕುಡಿಯೋದು ಬಿಟ್ಟು. ಅಲ್ಲಮಪ್ರಭುವಿನ ಆಣಿ ಅದ ನನಗ," ಎಂದಳು. ಕುಣಿಯತ್ತ ತಿರುಗಿದಳು. "ಪಾಷಾ ಅಣ್ಣಾ, ಮಾಡಿದಾಂವ ನೀನು. ನೀನಾ ಹೇಳು. ಗಟ್ಟಿ ಇತ್ತೇನು?"

"ಏಳು ಆನಿ..." ಎಂದು ಪಾಷಾನ ನಾಲಿಗೆ ತಾನಾಗಿಯೇ ಹೊರಟಿತು.

ದುರುಗಮ್ಮ ಬಗ್ಗಿ, ಗಂಡ ತಟ್ಟುತ್ತಿದ್ದಂತೆ ಬೆರಳಗೆಣ್ಣಿನಿಂದ ಆ ಕಾಲನ್ನು ತಟ್ಟಿದಳು. ಠಣ್. ಠಣ್. ತೇಪೆಯ ಹತ್ತಿರ ಬಂದಾಗ ಒದ್ದೆ ಮಣ್ಣಿಗೆ ಬಡಿದ ಸದ್ದು.

"ಇಲ್ಲಿ ದನಿ ಯಾಕ ಸತ್ತದ, ಅಣ್ಣಾ?"

ಪಾಷಾ ಕುಣಿಯಿಂದ ಮೇಲೆ ಬಂದ. ಮೊಣಕಾಲೂರಿ ಬೆಳ್ಳಿಬಣ್ಣದ ಮೇಲೆ ಬೆರಳಿಟ್ಟು ಒತ್ತಿದ. ಡಾಂಬರು ಸರಿದು ಬೆರಳು ಒಳಗಿಳಿಯಿತು.

"ಆನಿ ಸುಳ್ಳು, ಯವ್ವಾ. ಒಂದು ಆಡು ಸೈತ ನಿಂದ್ರಿಸಿಲ್ಲ. ಈ ತೂತು ನನಗ ಗೊತ್ತಿತ್ತು. ಅವ ಕೇಳಿದ್ದ, ನಾ ಹೇಳಲಿಲ್ಲ. ಅವ ಕುಡಿದಿದ್ದಿಲ್ಲ."

ಮುದುಕಪ್ಪ ತಲೆಯ ರುಮಾಲು ತೆಗೆದ. ಬೂದೆಪ್ಪನನ್ನು ಕುಣಿಗೆ ಇಳಿಸಿದರು. ಒಬ್ಬೊಬ್ಬರೇ ಹಿಡಿ ಮಣ್ಣು ಹಾಕಿದರು. ಪಾಷಾನನ್ನು ಯಾರೂ ಕರೆಯಲಿಲ್ಲ. ಅವನ ಬೆರಳು ಇನ್ನೂ ತೂತಿನಲ್ಲೇ ಇತ್ತು.